ತಲೆಮಾವನ ಗಡಿಯಾರ

ಚಳಿ ಪೂರ್ತಿ ಹೋಗಿರಲಿಲ್ಲ, ಬಿಸಿಲು ಪೂರ್ತಿ ಬಂದಿರಲಿಲ್ಲ, ಅಂಥ ದಿನಗಳಲ್ಲಿ ಒಂದು ಮಂಗಳವಾರ ಬೆಳಗ್ಗೆ ಆರೂವರೆಗೆ ಇದು ಶುರುವಾಯಿತು. ತಲೆಮಾವ ಆಸ್ಪತ್ರೆಯ ಹಿಂಬಾಗಿಲಿಂದ ಒಳಗೆ ಬಂದು, ಉದ್ದದ ಓಣಿ ದಾಟಿ, ಕೊನೆಯಲ್ಲಿದ್ದ ತನ್ನ ಕೋಣೆಯ ಬೀಗ ತೆಗೆಯಲು ಹೋದ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು.

ಮಾವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಆದರೆ ಒಂದು ಸಾಲು ಮುಗಿಯುವ ಹೊತ್ತಿಗೆ ಅನ್ನ ಬೆಂದಿರುತ್ತಿತ್ತು. ಪಕ್ಕದಲ್ಲೇ ಲಿಫ್ಟು. ಲಿಫ್ಟಿನವನನ್ನು ಕರೆದ.

"ಏನಪ್ಪಾ ಇದು, ನನ್ನ ಬಾಗಿಲಿಗೆ?"

"ನಿನ್ನ ಬಾಗಿಲಿಗೊಂದೇ ಅಲ್ಲ ಮಾವ, ನನ್ನ ಲಿಫ್ಟಿಗೂ ಬಳಿದಿದಾರೆ," ಎಂದು ಅವನು ಕನ್ನಡಕ ಏರಿಸಿ ಓದಿದ. ಅರವತ್ತು ದಾಟಿದ ಕೆಲಸಗಾರರೆಲ್ಲ ಮೂರನೇ ಮಹಡಿಗೆ ಹೋಗಿ ಮೆದುಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂವತ್ತಕ್ಕೆ ಇಪ್ಪತ್ತೆರಡು ಅಂಕ ಬಾರದವರನ್ನು ಕೆಲಸದಿಂದ ಬಿಡಿಸಲಾಗುವುದು. "ಒಂಬತ್ತು ಜನ ಇದೀವಂತೆ. ಅಡುಗೆಮನೆಯಲ್ಲಿ ಇಬ್ಬರು, ಬಟ್ಟೆ ಒಗೆಯೋ ಕಡೆ ಮೂವರು, ಗುಡಿಸೋರು ಇಬ್ಬರು, ನಾನು, ನೀನು."

"ಡಾಕ್ಟ್ರುಗಳಲ್ಲಿ ಯಾರಿಗೂ ಅರವತ್ತಾಗಿಲ್ವಾ?"

"ಅವರು ಕೆಲಸಗಾರರಲ್ಲವಂತೆ ಮಾವ. ತಜ್ಞರಂತೆ."

ತಲೆಮಾವ ಅಂತ ಅವನಿಗೆ ಹೆಸರು ಬಂದದ್ದು ಆ ಕೋಣೆಯಿಂದ. ಅದು ತಲೆ ಆಪರೇಷನ್ನಿಗೆ ಹೆಸರಾದ ಆಸ್ಪತ್ರೆ. ಆಪರೇಷನ್ನಿಗೆ ಹೋಗುವವರೆಲ್ಲ ಮೊದಲು ಮಾವನ ಕುರ್ಚಿಯಲ್ಲಿ ಕೂತು ಕೂದಲು ಬಿಟ್ಟು ಹೋಗಬೇಕು. ನಲವತ್ತೊಂದು ವರ್ಷದಿಂದ ಹೀಗೆ. ಕೋಣೆಯಲ್ಲಿ ಎತ್ತರಿಸಿ ಇಳಿಸುವ ಒಂದು ಕುರ್ಚಿ, ಎದುರಿಗೆ ಆಳೆತ್ತರದ ಕನ್ನಡಿ, ಕನ್ನಡಿಯ ಮಗ್ಗುಲಲ್ಲಿ ಮಾವ ಕಾಯುತ್ತ ಕೂರುವ ಸ್ಟೂಲು, ಒಂದು ನಲ್ಲಿ, ಹಿಂದಿನ ಗೋಡೆಯ ಮೇಲೆ ಒಂದು ಗಡಿಯಾರ. ಕಿಟಕಿ ಇಲ್ಲ.

ಗಡಿಯಾರದ ವಿಷಯ ಇಲ್ಲೇ ಹೇಳಿಬಿಡಬೇಕು. ಮೊದಮೊದಲು ಅಲ್ಲಿದ್ದದ್ದು ಎಲ್ಲರ ಮನೆಯಲ್ಲಿರುವಂಥದ್ದೇ. ಕುರ್ಚಿಯಲ್ಲಿ ಕೂತವರಿಗೆ ಅದು ಕನ್ನಡಿಯಲ್ಲಿ ಕಾಣುತ್ತಿತ್ತು, ಅಂದರೆ ಎಡ ಬಲವಾಗಿ, ಬಲ ಎಡವಾಗಿ. ಮೊದಲೇ ಹೆದರಿ ಕೂತವರು. ಒಂಬತ್ತಕ್ಕೆ ಒಳಗೆ ಕರೆದೊಯ್ಯುತ್ತಾರೆ ಅಂತ ಕೇಳಿಕೊಂಡು ಬಂದವರಿಗೆ ಏಳು ಗಂಟೆ ಐದು ಗಂಟೆಯಾಗಿ ಕಂಡರೆ, ತಮ್ಮ ತಲೆ ಈಗಲೇ ಕೆಟ್ಟಿತೇನೋ ಎಂದು ಕಂಗಾಲಾಗುತ್ತಿದ್ದರು. ಹೀಗೆ ಕಂಗಾಲಾದವರಲ್ಲಿ ಒಬ್ಬ ಗಡಿಯಾರ ರಿಪೇರಿಯವನು. ನಲವತ್ತು ದಿನ ಆಸ್ಪತ್ರೆಯಲ್ಲಿದ್ದು, ಗುಣವಾಗಿ, ಮನೆಗೆ ಹೋಗುವ ಮುಂಚೆ ಆ ಗಡಿಯಾರ ಬಿಚ್ಚಿಸಿ ತರಿಸಿಕೊಂಡ. ಮಂಚದ ಮೇಲೆ ಕೂತೇ ಅದರ ಹೊಟ್ಟೆಯೊಳಗಿನದೆಲ್ಲ ತಿರುಗಾ ಮುರುಗಾ ಮಾಡಿ, ಮುಖದ ಮೇಲಿನ ಅಂಕಿಗಳನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿ ಬರೆದ. ಅವತ್ತಿನಿಂದ ಗಡಿಯಾರ ಹಿಂದಕ್ಕೆ ತಿರುಗುತ್ತದೆ, ಕನ್ನಡಿಯಲ್ಲಿ ನೋಡಿದರೆ ನೆಟ್ಟಗೆ ಕಾಣುತ್ತದೆ. ಮಾವನಿಗೆ ಅಲ್ಲಿವರೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅಡುಗೆಮನೆಯ ಪಾತ್ರೆ ಸದ್ದಿನ ಮೇಲೆ ಹೊತ್ತು ಹೇಳುತ್ತಿದ್ದ. "ಕುರ್ಚಿ ಅವರದು, ಸ್ಟೂಲು ನಿನ್ನದು. ಸ್ಟೂಲಿನಿಂದ ಕಾಣೋ ಹಾಗೆ ಕಲಿ," ಅಂದ ರಿಪೇರಿಯವನು, ಸ್ಟೂಲಿನ ಮೇಲೆ ಕೂರಿಸಿ ಆ ತಿರುಗುಮುರುಗು ಗಡಿಯಾರದ ಮೇಲೇ ಕಲಿಸಿದ. ಆಸ್ಪತ್ರೆಯ ಉಳಿದ ಕಡೆಯೆಲ್ಲ ಈಗ ಕೆಂಪಂಕಿ ಮಿನುಗುವ ಪೆಟ್ಟಿಗೆಗಳು. ಮನೆಯಲ್ಲಿ ರೇಡಿಯೋ. ಹೀಗಾಗಿ ಮುಳ್ಳಿರುವ ಗಡಿಯಾರ ಅಂದರೆ ಮಾವನ ಕೈಗೆ ಗೊತ್ತಿದ್ದದ್ದು ಅದೊಂದೇ.

ಮೂರನೇ ಮಹಡಿಯಲ್ಲಿ ಪರೀಕ್ಷೆ ಮಾಡುತ್ತಿದ್ದದ್ದು ಒಬ್ಬ ಹುಡುಗಿ. ಮೆದುಳಿನ ಸಂಶೋಧನೆ ವಿಭಾಗಕ್ಕೆ ಒಂದು ವರ್ಷದ ಮಟ್ಟಿಗೆ ಸೇರಿಕೊಂಡವಳು. ಆಪರೇಷನ್ನಿಗೆ ಮುಂಚೆ ರೋಗಿಗಳ ನೆನಪು, ಮಾತು ಎಲ್ಲ ಅಳೆದು ಬರೆದಿಡುವುದು ಅವಳ ಕೆಲಸ. ಈಗ ಇದನ್ನೂ ಅವಳ ತಲೆಗೆ ಕಟ್ಟಿದ್ದರು.

"ಯಜಮಾನ್ರೇ, ಎಲ್ಲಿವರೆಗೆ ಓದಿದೀರಿ?"

"ಎರಡನೇ ಕ್ಲಾಸಿನ ಬಾಗಿಲವರೆಗೆ, ತಾಯಿ."

ಅವಳು ನಗಲಿಲ್ಲ, ಬರೆದುಕೊಂಡಳು. "ಐದು ಪದ ಹೇಳ್ತೀನಿ. ನೆನಪಿಟ್ಕೊಳಿ, ಆಮೇಲೆ ಕೇಳ್ತೀನಿ. ಹಗ್ಗ, ಸೇತುವೆ, ಹಳದಿ, ಕಿಟಕಿ, ಗಂಟೆ."

"ಯಾತಕ್ಕೆ?"

"ಸುಮ್ನೆ. ನೆನಪು ನೋಡೋಕೆ."

ಸುಮ್ಮನೆ ನೆನಪಿಟ್ಟುಕೊಳ್ಳುವ ಅಭ್ಯಾಸ ಮಾವನಿಗೆ ಇರಲಿಲ್ಲ. ಯಾರ ಕಿವಿಯ ಹಿಂದೆ ಮಚ್ಚೆ, ಯಾರ ನೆತ್ತಿಯಲ್ಲಿ ಹಳೇ ಹೊಲಿಗೆ, ಅದನ್ನೆಲ್ಲ ಕಾರಣವಿದ್ದು ನೆನಪಿಟ್ಟವನು. ಹಗ್ಗವನ್ನು ಸೇತುವೆಗೆ ಕಟ್ಟೋಣ ಅಂದುಕೊಂಡ. ಅಷ್ಟರಲ್ಲಿ ಅವಳು ಕಾಗದ ಮುಂದೆ ತಳ್ಳಿದಳು. ಅದರಲ್ಲಿದ್ದ ಪೆಟ್ಟಿಗೆಯ ಚಿತ್ರ ನೋಡಿ ಬರೆಯಬೇಕು. ಮಾವ ಪೆನ್ಸಿಲನ್ನು ಕ್ಷೌರದ ಕತ್ತಿ ಹಿಡಿದ ಹಾಗೆ ಹಿಡಿದ, ಕಿರುಬೆರಳು ಮೇಲೆತ್ತಿ. ಪೆಟ್ಟಿಗೆ ಚಪ್ಪಟೆಯಾಯಿತು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಅಂದಳು. ತೊಂಬತ್ತಮೂರು, ಎಂಬತ್ತಾರು, ಆಮೇಲೆ ಕಾಲು ಹೂತುಕೊಂಡಿತು. ಒಂದು ನಿಮಿಷದಲ್ಲಿ ಕ ಅಕ್ಷರದಿಂದ ಶುರುವಾಗುವ ಪದ ಎಷ್ಟಾಗುತ್ತೋ ಅಷ್ಟು ಹೇಳಿ ಅಂದಳು. ಕತ್ತಿ, ಕತ್ತರಿ, ಕನ್ನಡಿ, ಕುರ್ಚಿ, ಕೂದಲು, ಕಿವಿ, ಕತ್ತು. ಕೋಣೆ ಅಲ್ಲಿಗೆ ಮುಗಿಯಿತು, ಪದಗಳೂ ಮುಗಿದವು. 'ಕೋಣೆ' ಅನ್ನುವುದೇ ಅವನಿಗೆ ಹೊಳೆಯಲಿಲ್ಲ.

"ಈಗ ಒಂದು ಗಡಿಯಾರ ಬರೀರಿ. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಬೇಕು."

ಇದು ಗೊತ್ತಿದ್ದ ವಿಷಯ. ಮಾವ ಮೊದಲ ಸಲ ನೆಟ್ಟಗೆ ಕೂತ. ದುಂಡಗೆ, ತಲೆಯಷ್ಟೇ ದುಂಡಗೆ, ಒಂದೇ ಗೀಟಿನಲ್ಲಿ ವೃತ್ತ ಎಳೆದ. ಮೇಲೆ ಹನ್ನೆರಡು. ಅದರ ಎಡಕ್ಕೆ ಒಂದು, ಎರಡು, ಮೂರು. ಮೂರು ಅತ್ತ ಮುಖ ಮಾಡಿತ್ತು, ಏಳು ಇತ್ತ. ಚಿಕ್ಕ ಮುಳ್ಳು ಬಲಗಡೆಯ ಹನ್ನೊಂದಕ್ಕೆ, ದೊಡ್ಡದು ಎಡಗಡೆಯ ಎರಡಕ್ಕೆ. ಕಾಗದ ತಿರುಗಿಸಿ ಅವಳ ಮುಂದೆ ಸರಿಸುವಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆಯೇ ಇತ್ತು.

ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ಮೆತ್ತಗಾಯಿತು. ಆಸ್ಪತ್ರೆಯಲ್ಲಿ ಅಷ್ಟು ವರ್ಷ ಇದ್ದವನಿಗೆ ಆ ಮೆತ್ತಗಾಗುವ ಮುಖದ ಅರ್ಥ ಚೆನ್ನಾಗಿ ಗೊತ್ತಿತ್ತು. ಅದನ್ನು ಬೇರೆಯವರಿಗೆ ತೋರಿಸುವುದನ್ನು ಕಂಡಿದ್ದ, ತನಗೆ ತೋರಿಸಿದ್ದು ಇದೇ ಮೊದಲು.

"ಮೊದಲು ಹೇಳಿದ ಐದು ಪದ?"

"ಹಗ್ಗ. ಸೇತುವೆ. ಕಿಟಕಿ." ಕಿಟಕಿ ನೆನಪಾದದ್ದು ತನ್ನ ಕೋಣೆಗೆ ಅದಿಲ್ಲ ಅಂತ. ಉಳಿದೆರಡು ಬರಲಿಲ್ಲ.

"ಎಷ್ಟು ಬಂತು ತಾಯಿ?"

"ಹದಿನೇಳು," ಅಂದಳು ಮೆಲ್ಲಗೆ.

ಮರುದಿನ ಬುಧವಾರ ಆಡಳಿತದ ಕಚೇರಿಯಿಂದ ಕರೆ ಬಂತು. ಅಲ್ಲಿ ಕೂರುವವರನ್ನು ಎಲ್ಲರೂ ಕಡತದ ಸಾಹೇಬರು ಅನ್ನುತ್ತಿದ್ದರು. ಕೆಟ್ಟವರಲ್ಲ. ಹದಿನೆಂಟು ವರ್ಷದಿಂದ ತಿಂಗಳಿಗೊಮ್ಮೆ ಮಾವನ ಕುರ್ಚಿಯಲ್ಲೇ ಕೂದಲು ಕತ್ತರಿಸಿಕೊಂಡವರು. ಮೇಲಿಂದ ಬಂದ ಕಾಗದವನ್ನು ಕೆಳಕ್ಕೆ ದಾಟಿಸುವುದು ಅವರ ಧರ್ಮ.

"ಕೂತ್ಕೊಳಿ ಮಾವ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ವಯಸ್ಸಾಯ್ತು. ನಾಳೆ ಯಾರ ತಲೆಗಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ನಲವತ್ತೊಂದು ವರ್ಷದಲ್ಲಿ ಆಗಿದೆಯಾ ಸಾಹೇಬ್ರೇ?"

"ಆಗಿಲ್ಲ. ಆಗೋದಕ್ಕೆ ಮುಂಚೆನೇ ಅಂತ. ಹೊರಗಿನ ಗುತ್ತಿಗೆಯವರು ಒಬ್ಬನ್ನ ಕಳಿಸ್ತಾರೆ. ಶನಿವಾರ ಮಧ್ಯಾಹ್ನದ ಒಳಗೆ ಕೋಣೆ ಬೀಗದ ಕೈ ತಂದು ಕೊಡಿ."

ಮಾವ ಕೂತಿರಲಿಲ್ಲ. ನಿಂತೇ ಜೇಬಿಗೆ ಕೈ ಹಾಕಿ ಬೀಗದ ಕೈ ಮುಟ್ಟಿ ನೋಡಿಕೊಂಡ. ಅವನ ಬೆರಳಿನ ಉಜ್ಜಾಟಕ್ಕೇ ಅದರ ತಲೆ ಸವೆದು ತೆಳ್ಳಗಾಗಿತ್ತು.

"ಕೊಡಲ್ಲ ಸಾಹೇಬ್ರೇ," ಅಂದ. ದನಿ ಏರಿಸಲಿಲ್ಲ. ನಾಳೆ ಮಳೆ ಬರಲ್ಲ ಅಂದ ಹಾಗೆ ಅಂದು ಹೊರಟುಬಂದ.

ಸಂಜೆ ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ಅವನಿಗಿಂತ ಏಳು ವರ್ಷ ದೊಡ್ಡವಳು, ಏಳನೇ ಕ್ಲಾಸು ಪಾಸಾದವಳು, ಅದನ್ನು ತಮ್ಮನಿಗೆ ಮರೆಯಲು ಬಿಟ್ಟವಳಲ್ಲ. ಇಬ್ಬರೂ ಒಂಟಿ, ಎರಡು ಕೋಣೆಯ ಮನೆ. ಊಟದ ಡಬ್ಬಿ ತೊಳೆಯಲು ತೆಗೆದುಕೊಂಡವಳು ತಮ್ಮನ ಮುಖ ನೋಡಿ ಡಬ್ಬಿ ಕೆಳಗಿಟ್ಟಳು.

ಅವನು ಎಲ್ಲ ಹೇಳಿದ.

"ನೂರರಿಂದ ಏಳು ಕಳೆಯೋದು ಯಾರ ತಲೆ ಬೋಳಿಸೋಕೆ ಬೇಕಂತೆ?" ಅಂದಳು ಅಕ್ಕ. "ಮಶೀನು ಬಂದಾಗ ನಿನಗೆ ಐವತ್ತೆಂಟು. ಹೊಸದು ಕಲಿಯಲ್ಲ ಅಂದವನಲ್ಲ ನೀನು. ಕಲಿಯೋಕೆ ನನ್ನ ಒಳ್ಳೇ ಕಂಬಳಿ ಬೋಳಿಸಿಹಾಕಿದೆ. ಈಗಲೂ ಚಳಿಯಾದಾಗ ನಿನ್ನ ಬೈದುಕೊಂಡೇ ಹೊದ್ಕೋತೀನಿ."

ಅದು ನಿಜ. ಕತ್ತಿಯಿಂದ ಹೆರೆದರೆ ಕಣ್ಣಿಗೆ ಕಾಣದ ಗೀರಾಗಿ ಆಪರೇಷನ್ನಿನ ಗಾಯ ಕೀವು ಹಿಡಿಯುವುದು ಹೆಚ್ಚು ಅಂತ ಕಂಡುಕೊಂಡ ಮೇಲೆ, ಆಸ್ಪತ್ರೆಗೆ ಕೂದಲು ಕತ್ತರಿಸುವ ಮಶೀನು ಬಂದಿತ್ತು. ಮೂವತ್ತೈದು ವರ್ಷದ ಕತ್ತಿಯನ್ನು ಕೆಳಗಿಟ್ಟು ಮಾವ ಹದಿನೈದು ದಿನದಲ್ಲಿ ಅದನ್ನು ಕಲಿತಿದ್ದ.

ಅವನು ಕೇಳಿದ: "ಅಕ್ಕ, ಅವರು ಹೇಳಿದ್ದೇ ನಿಜ ಆಗಿದ್ರೆ? ಹೋದ ತಿಂಗಳು ಹಾಲು ಉಕ್ಕಿ ಒಲೆಯೆಲ್ಲ ಹಾಳಾಯ್ತಲ್ಲ. ಇಟ್ಟು ಮರೆತವನು ನಾನೇ."

"ನೀನಲ್ಲ, ಇಟ್ಟವಳು ನಾನು."

"ನಾನೇ ಕಣೇ. ಬಟ್ಟೆ ತಗೊಂಡು ಒರೆಸಿದ್ದೂ ನೆನಪಿದೆ."

"ಒರೆಸಿದ್ದು ನೀನು, ಇಟ್ಟದ್ದು ನಾನು. ಒರೆಸಿ ಒರೆಸಿ ಇಟ್ಟದ್ದೂ ನೀನೇ ಅಂದ್ಕೊಂಡಿದೀಯ."

ಡಬ್ಬಿಗೆ ಸುತ್ತಿದ್ದ ಕಾಗದ ಬಿಚ್ಚಿ ಮಡಿಸಿಡಲು ಹೋದವಳು ಅಲ್ಲೇ ನಿಂತಳು. ಅದು ಆ ಮೂರನೇ ಮಹಡಿಯವರು ತಿಂಗಳಿಗೊಮ್ಮೆ ಸಾಮಾನ್ಯ ಜನ ಓದಲಿ ಅಂತ ಅಚ್ಚು ಹಾಕಿ ಓಣಿಯಲ್ಲಿ ಇಡುತ್ತಿದ್ದ ನಾಲ್ಕು ಪುಟದ ಹಾಳೆ. ಜನ ಓದುತ್ತಿದ್ದರೋ ಇಲ್ಲವೋ, ಮಾವನ ಊಟದ ಡಬ್ಬಿಗೆ ಅದು ಸರಿಯಾಗಿ ಹೊಂದುತ್ತಿತ್ತು. ಎಣ್ಣೆ ಕಲೆಯ ನಡುವೆ ಅಕ್ಕ ಬೆರಳಿಟ್ಟು ಓದತೊಡಗಿದಳು.

"ಕೇಳು. 'ನೆನಪು ಅನ್ನೋದು ಪೆಟ್ಟಿಗೆಯೊಳಗೆ ಮಡಿಸಿಟ್ಟ ಬಟ್ಟೆಯಲ್ಲ. ಪ್ರತಿ ಸಲ ತೆಗೆದಾಗಲೂ ಮೆದುಳು ಅದನ್ನು ಸ್ವಲ್ಪ ಹೊಸದಾಗಿ ಹೊಲಿಯುತ್ತದೆ. ಅದಕ್ಕೇ ಒಂದೇ ಘಟನೆ ಇಬ್ಬರಿಗೆ ಎರಡು ಥರ ನೆನಪಿರುವುದು ರೋಗವಲ್ಲ.' ನೋಡು, ಹಾಲಿನ ಜಗಳ ಮುಗೀತು. 'ಕೈಗೆ ಒಗ್ಗಿದ ಕೆಲಸದ ನೆನಪು ಮೆದುಳಿನಲ್ಲಿ ಬೇರೆ ದಾರಿಯಲ್ಲಿ ಇರುತ್ತದೆ. ಹೆಸರು, ತಾರೀಕು ಮರೆತವರೂ ಹಳೆಯ ಕಸುಬನ್ನು ಸರಾಗವಾಗಿ ಮಾಡುವುದುಂಟು.' ಇನ್ನೊಂದು ಇದೆ. 'ಕಣ್ಣು ತೆರೆದಿದ್ದರೂ, ಗಮನ ಬೇರೆ ಕಡೆ ಇದ್ದಾಗ ಮನಸ್ಸು ಎದುರಿಗಿದ್ದದ್ದನ್ನೇ ನೋಡುವುದಿಲ್ಲ.'" ಅವಳು ಹಾಳೆ ತಿರುಗಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ಓದಿಕೊಂಡು, ಆಮೇಲೆ ಒಂದೊಂದೇ ಪದ ಬಿಡಿಸಿ ಓದಿದಳು. "'ಶಾಲೆಗೆ ಹೆಚ್ಚು ಹೋಗದವರಿಗೆ ಕಾಗದ ಪೆನ್ಸಿಲಿನ ನೆನಪಿನ ಪರೀಕ್ಷೆಗಳಲ್ಲಿ, ಯಾವ ಕಾಯಿಲೆ ಇಲ್ಲದಿದ್ದರೂ, ಕಡಿಮೆ ಅಂಕ ಬರುವುದು ಸಾಮಾನ್ಯ. ಅಂಕ ಒಂದನ್ನೇ ನೋಡಿ ಮರೆವಿನ ರೋಗ ಎಂದು ತೀರ್ಮಾನಿಸಬಾರದು.'"

"ಯಾರು ಬರೆದದ್ದು?"

"ನಿಮ್ಮ ಆಸ್ಪತ್ರೆಯವರೇ. ಬರೆದವರು ಮೂರನೇ ಮಹಡಿ, ಕೆಲಸ ತೆಗೆಯೋರು ಮೊದಲನೇ ಮಹಡಿ. ನಡುವೆ ಒಂದು ಮೆಟ್ಟಿಲೂ ಇಲ್ವೇನೋ."

"ಆದ್ರೂ ನಿಜವಾಗಲೂ ಮರೀತಾ ಇದ್ರೆ, ಅಕ್ಕ?"

"ಇದ್ರೆ ಅವತ್ತು ನೋಡೋಣ. ಅಳತೆಗೋಲು ಸೊಟ್ಟ ಇದ್ದಾಗ ಗೋಡೆ ಸೊಟ್ಟ ಅಂತ ಮನೆ ಕೆಡವೋದು ಬೇಡ." ಹಾಳೆಯನ್ನು ಮಡಿಸಿ ಅವನ ಅಂಗಿ ಜೇಬಿಗೆ ಅವಳೇ ತುರುಕಿದಳು. "ನಾಳೆ ಡಬ್ಬಿಗೆ ಬೇರೆ ಕಾಗದ ಸುತ್ತುತೀನಿ."

ಶುಕ್ರವಾರ ಬೆಳಗ್ಗೆ ಗಾರೆ ಕೆಲಸದವನೊಬ್ಬ ಕುರ್ಚಿಗೆ ಬಂದ. ನಲವತ್ತರ ಆಸುಪಾಸು, ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟಿನ ಬಿಳುಪು. ಅವನ ಜೊತೆ ಮೂರನೇ ಮಹಡಿಯ ಹುಡುಗಿಯೂ ಬಂದಿದ್ದಳು. ಆಪರೇಷನ್ನಿಗೆ ಮುಂಚೆ ಕೇಳಬೇಕಾದ ಒಂದೆರಡು ಪ್ರಶ್ನೆ ಉಳಿದಿದ್ದವು. ಮಾವನನ್ನು ಕಂಡು ಅವಳು ತಲೆ ತಗ್ಗಿಸಿದಳು.

"ಒಳಗೆ ಬನ್ನಿ ತಾಯಿ. ನಿಂತು ಯಾಕೆ ಕಾಯ್ತೀರಿ? ಸ್ಟೂಲಿದೆ, ಕೂತ್ಕೊಳಿ."

ಮಾವ ಮಶೀನು ಹಚ್ಚುವ ಮೊದಲು ಯಾವಾಗಲೂ ಮಾಡುವಂತೆ ಎರಡೂ ಅಂಗೈಯನ್ನು ಗಾರೆಯವನ ತಲೆಯ ಮೇಲೆ ಊರಿದ. ಬೆರಳು ನೆತ್ತಿಗೆ ಹೋಯಿತು, ಬಲಗಿವಿಯ ಮೇಲಕ್ಕೆ ಇಳಿಯಿತು, ನಿಂತಿತು.

"ನೀನು ಹಿಂದೆ ಬಂದಿದ್ದೆ."

"ಹೌದು ಮಾವ. ಹನ್ನೆರಡು ವರ್ಷ ಆಯ್ತು. ನನ್ನ ಮುಖ ನೆನಪಿದೆಯಾ?"

"ಮುಖ ಇಲ್ಲ. ತಲೆ ಇದೆ. ಎರಡು ಸುಳಿ, ಒಂದಕ್ಕೊಂದು ಎದುರು ತಿರುಗಿದ್ದು. ಕಿವಿ ಮೇಲೆ ಅವತ್ತೇ ಇದ್ದ ಹಳೇ ಹೊಲಿಗೆ, ಕೊನೇಲಿ ಕೊಕ್ಕೆ ಹಾಗೆ ಬಾಗಿದೆ. ಬಿಳಿ ಅಂಗಿ ಹಾಕಿದ್ದೆ. ಈ ಕುರ್ಚೀಲೇ ಕೂತು ಅಮ್ಮ ಬೇಕು ಅಂತ ಅತ್ತಿದ್ದೆ."

ಗಾರೆಯವನು ಕನ್ನಡಿಯಲ್ಲಿ ನಕ್ಕ. "ಅತ್ತವನು ನನ್ನ ತಮ್ಮ ಮಾವ. ಬಾಗಿಲಲ್ಲಿ ನಿಂತು ಅಳ್ತಿದ್ದ. ನಾನು ಅವನನ್ನ ನೋಡಿ ನಗ್ತಿದ್ದೆ."

ಮಾವನ ಕೈ ಒಂದು ಗಳಿಗೆ ತಡೆಯಿತು. ಹುಡುಗಿ ನೋಡುತ್ತಿದ್ದಾಳೆ ಅನ್ನುವುದು ಅವನಿಗೆ ಗೊತ್ತಿತ್ತು.

"ಇರಬಹುದು," ಅಂದ. "ಕಥೆ ತಪ್ಪಿದ್ದೀನಿ. ತಲೆ ತಪ್ಪಿಲ್ಲ. ಬಗ್ಗಿಸು." ಮಶೀನು ಹೊಲಿಗೆಯ ಕೊಕ್ಕೆಯನ್ನು ಬಳಸಿಕೊಂಡು, ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಸಾಗಿತು.

ಹುಡುಗಿಯ ಕಣ್ಣು ಈಗ ಅವನ ಕೈ ಮೇಲಿರಲಿಲ್ಲ. ಸ್ಟೂಲಿನಿಂದ ನೇರ ಎದುರಿಗೆ ಕಾಣುವ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಸೆಕೆಂಡಿನ ಮುಳ್ಳು ಟಿಕ್ ಟಿಕ್ ಅಂತ ಎಡಕ್ಕೆ ಹೋಗುತ್ತಿತ್ತು. ಮೂರು ಅತ್ತ ಮುಖ ಮಾಡಿತ್ತು, ಏಳು ಇತ್ತ. ಅವಳು ಎದ್ದು ಬಂದು ಕುರ್ಚಿಯ ಹಿಂದೆ ನಿಂತು ಕನ್ನಡಿ ನೋಡಿದಳು. ಏಳು ಗಂಟೆ ನಲವತ್ತು, ನೆಟ್ಟಗೆ. ಮತ್ತೆ ಹೋಗಿ ಸ್ಟೂಲಿನಲ್ಲಿ ಕೂತಳು. ಕಡತ ಬಿಚ್ಚಿ ಒಂದು ಹಾಳೆ ತೆಗೆದು, ಗೋಡೆಯನ್ನೂ ಹಾಳೆಯನ್ನೂ ಎರಡು ಮೂರು ಸಲ ನೋಡಿದಳು.

ಗಾರೆಯವನನ್ನು ಗಾಲಿಮಂಚದಲ್ಲಿ ಕರೆದೊಯ್ದ ಮೇಲೆ ಕೇಳಿದಳು: "ಮಾವ, ನೀವು ಬರೆದದ್ದು ಈ ಗಡಿಯಾರಾನಾ?"

"ಮತ್ತೆ? ನೀವು ಗಡಿಯಾರ ಬರಿ ಅಂದ್ರಿ. ನಾನು ನೋಡದೇ ಇರೋದನ್ನ ಬರೀಲಾ?"

"ಆಗಲೇ ಯಾಕೆ ಹೇಳಲಿಲ್ಲ?"

"ಅದು ತಪ್ಪು ಅಂತ ನೀವೂ ಹೇಳಲಿಲ್ಲವಲ್ಲ ತಾಯಿ. ಮುಖ ಮೆತ್ತಗೆ ಮಾಡ್ಕೊಂಡ್ರಿ, ಅಷ್ಟೇ."

ಅವಳು ಎದ್ದಳು. "ಈಗಲೇ ಸಾಹೇಬರ ಹತ್ರ ಹೋಗ್ತೀನಿ. ಗಡಿಯಾರಕ್ಕೆ ಮೂರು ಅಂಕ."

"ಹದಿನೇಳೂ ಮೂರೂ ಇಪ್ಪತ್ತು. ಇಷ್ಟು ಲೆಕ್ಕ ನನಗೂ ಬರುತ್ತೆ. ಇನ್ನೂ ಎರಡು ಬೇಕಲ್ಲ?" ಮಾವ ಮಶೀನಿನ ಹಲ್ಲಿನ ನಡುವಿನ ಕೂದಲನ್ನು ಬ್ರಶ್ಶಿನಿಂದ ತೆಗೆಯುತ್ತ ಹೇಳಿದ. "ಆ ಎರಡನ್ನ ಯಾವ ಗೋಡೆ ಮೇಲೆ ಹುಡುಕ್ತೀರಿ? ಬಟ್ಟೆ ಒಗೆಯೋ ಅಮ್ಮ ಏನು ಬರೆದಳು ನೋಡಿದ್ರಾ? ಅವಳ ಹತ್ರ ನನ್ನ ಥರ ಗಡಿಯಾರಾನೂ ಇಲ್ಲ, ತೋರಿಸಿ ಬಚಾವಾಗೋಕೆ. ಪಾಪ, ಹನ್ನೊಂದು ಬಂತಂತೆ. ನಾನೂರು ಹಾಸಿಗೆಯ ಬಟ್ಟೆಯಲ್ಲಿ ಯಾವ ವಾರ್ಡಿನದು ಯಾವುದು ಅಂತ ಕಣ್ಣು ಮುಚ್ಚಿ ಹೇಳ್ತಾಳೆ." ಅಂಗಿ ಜೇಬಿನಿಂದ ಎಣ್ಣೆ ಕಲೆಯ ಹಾಳೆ ತೆಗೆದು ಅವಳ ಮುಂದೆ ಚಾಚಿದ. "ಇದರ ಕೊನೇ ಪುಟ ನೋಡಿ. ನನಗೆ ಓದೋಕೆ ನಿಧಾನ. ನಿಮಗೆ ಬೇಗ ಆಗುತ್ತೆ."

ಅವಳು ಹಾಳೆ ತೆಗೆದುಕೊಳ್ಳಲಿಲ್ಲ. ಕಿವಿ ಕೆಂಪಗಾಗಿತ್ತು.

"ಅದನ್ನ ಬರೆದವಳು ನಾನೇ, ಮಾವ."

ಮಾವ ಹಾಳೆಯನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡ. ಅವಳನ್ನು ಬೈಯಬೇಕು ಅಂತಲೂ ಅನ್ನಿಸಲಿಲ್ಲ, ಸಮಾಧಾನ ಹೇಳಬೇಕು ಅಂತಲೂ ಅನ್ನಿಸಲಿಲ್ಲ.

"ಚೆನ್ನಾಗಿ ಬರೆದಿದೀರಿ," ಅಂದ.

ಶನಿವಾರ ಹನ್ನೊಂದೂವರೆಯಾದರೂ ಮಾವ ಬೀಗದ ಕೈ ಕೊಡಲು ಹೋಗಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಕಡತದ ಸಾಹೇಬರೇ ಓಣಿಯಲ್ಲಿ ಬಂದರು. ಹಿಂದೆ ಗುತ್ತಿಗೆಯವರು ಕಳಿಸಿದ್ದ ಒಬ್ಬ ಹೊಸಬ, ಕೈಯಲ್ಲಿ ಚೀಲ. ಲಿಫ್ಟಿನವನು ಲಿಫ್ಟನ್ನು ಅಲ್ಲೇ ನಿಲ್ಲಿಸಿಕೊಂಡು, ಕೆಟ್ಟಿದೆ ಅಂತ ಎಲ್ಲರಿಗೂ ಹೇಳುತ್ತ, ಬಾಗಿಲು ತೆರೆದಿಟ್ಟು ನೋಡುತ್ತಿದ್ದ.

"ಏನ್ ಮಾವ, ನಾನೇ ಬರೋ ಹಾಗೆ ಮಾಡಿದ್ರಿ."

"ಬಂದ್ರಲ್ಲ, ಕೂತ್ಕೊಳಿ. ಹೇಗೂ ನಿಮಗೆ ಕತ್ತಿನ ಮೇಲೆ ಕೂದಲು ಇಳಿದಿದೆ."

ಹದಿನೆಂಟು ವರ್ಷದ ರೂಢಿ. ಸಾಹೇಬರು ಯೋಚಿಸುವ ಮೊದಲೇ ಕುರ್ಚಿಯಲ್ಲಿ ಕೂತಿದ್ದರು, ಕತ್ತಿನ ಸುತ್ತ ಬಿಳಿ ಬಟ್ಟೆ ಬಿದ್ದಿತ್ತು. ಹೊಸಬ ಬಾಗಿಲಲ್ಲಿ ನಿಂತ.

ಮಾವ ಬಾಚಣಿಗೆ ಒದ್ದೆ ಮಾಡಿದ. "ಒಂದು ಮಾತು ಕೇಳಲಾ? ತಿರುಗಬೇಡಿ. ನಿಮ್ಮ ಹಿಂದೆ ಗೋಡೆ ಮೇಲೆ ಗಡಿಯಾರ ಇದೆಯಲ್ಲ, ಅದರ ಮುಳ್ಳು ಯಾವ ಕಡೆ ತಿರುಗುತ್ತೆ?"

"ಇದೇನು ಒಗಟು? ಎಲ್ಲ ಗಡಿಯಾರದ ಹಾಗೆ ಬಲಕ್ಕೆ. ಕಾಣ್ತಾ ಇದೆಯಲ್ಲ."

"ಎಲ್ಲಿ ಕಾಣ್ತಾ ಇದೆ?"

"ಕನ್ನಡಿ..." ಸಾಹೇಬರ ಮಾತು ಅಲ್ಲೇ ನಿಂತಿತು. ಕನ್ನಡಿಯಲ್ಲಿ ಬಲಕ್ಕೆ ಹೋಗುವುದು ಗೋಡೆಯ ಮೇಲೆ ಎತ್ತ ಹೋಗಬೇಕು ಅಂತ ಅವರು ಲೆಕ್ಕ ಹಾಕುವುದು ಹಣೆಯ ಗೆರೆಯಲ್ಲೇ ಕಾಣುತ್ತಿತ್ತು. ಕೊನೆಗೆ ಬಟ್ಟೆ ಸಮೇತ ಹೊರಳಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಯಾವಾಗಿನಿಂದ ಹೀಗಿದೆ?"

"ಮೂವತ್ತೊಂದು ವರ್ಷದಿಂದ. ನೀವು ಹದಿನೆಂಟು ವರ್ಷದಿಂದ ತಿಂಗಳಿಗೊಮ್ಮೆ ನೋಡ್ತಾ ಬಂದಿದೀರಿ. ನೀವು ತಜ್ಞರಲ್ಲ, ಕೆಲಸಗಾರರೂ ಅಲ್ಲ, ಆದ್ರೂ ಕೇಳ್ತೀನಿ. ನಿಮಗೆ ಎಷ್ಟು ಅಂಕ ಕೊಡಲಿ?"

ಲಿಫ್ಟಿನೊಳಗೆ ಯಾರೋ ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

ಸಾಹೇಬರಿಗೆ ಸಿಟ್ಟು ಬರಬೇಕಿತ್ತು. ಬಂದಿತ್ತೋ ಏನೋ. ಆದರೆ ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು ಕೂತವನು ಸಿಟ್ಟು ಮಾಡಿದರೆ ಯಾರಿಗೂ ಹೆದರಿಕೆಯಾಗುವುದಿಲ್ಲ. ಅವರು ದನಿ ತಗ್ಗಿಸಿ, "ಆ ಹುಡುಗಿ ನಿನ್ನೆ ಬಂದು ಗಡಿಯಾರದ ವಿಷಯ ಹೇಳಿದಳು. ನಾನು ನಂಬಲಿಲ್ಲ," ಅಂದರು. "ಆಯ್ತು ಮಾವ. ನಿಮ್ಮದೊಂದು ವಿಶೇಷ ಅಂತ ಬರೆದು ಮೇಲೆ ಕಳಿಸ್ತೀನಿ. ನಿಮಗೊಬ್ಬರಿಗೆ ವಿನಾಯಿತಿ. ಬೀಗದ ಕೈ ನಿಮ್ಮ ಹತ್ರಾನೇ ಇರಲಿ."

ಅಲ್ಲಿಗೆ ಮುಗಿಯಬಹುದಿತ್ತು. ಮಾವನ ಕೈ ಜೇಬಿನ ಕಡೆಗೆ ಹೋಗಿ, ತೆಳ್ಳಗಾದ ಬೀಗದ ಕೈಯನ್ನು ಮುಟ್ಟಿ ವಾಪಸು ಬಂತು. ಬೇಕಾದ್ದು ಅದೇ ತಾನೇ. ಓಣಿಯಲ್ಲಿ ಲಿಫ್ಟಿನವನು ಈಗ ಇತ್ತ ನೋಡುತ್ತಿರಲಿಲ್ಲ. ಅವನಿಗೆ ಇಪ್ಪತ್ತು ಬಂದಿತ್ತು. ಲಿಫ್ಟಿನ ಗುಂಡಿಗಳನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ಬೇಡ ಸಾಹೇಬ್ರೇ."

"ಏನು ಬೇಡ?"

"ನನಗೊಬ್ಬನಿಗೆ ಬೇಡ. ನನ್ನ ಗಡಿಯಾರ ವಿಶೇಷ, ನಾನಲ್ಲ. ಪರೀಕ್ಷೆ ತಪ್ಪು ಅಂದ್ರೆ ಒಂಬತ್ತು ಜನಕ್ಕೂ ತಪ್ಪು. ಸರಿ ಅಂದ್ರೆ ನನಗೂ ಸರಿ. ನೋಡಬೇಕಾ, ನೋಡಿ. ಬಟ್ಟೆ ಒಗೆಯೋ ಅಮ್ಮನ್ನ ಅವಳು ಒಗೆಯೋ ಕಡೆ ನಿಂತು ನೋಡಿ, ನನ್ನನ್ನ ಈ ಕುರ್ಚಿ ಹಿಂದೆ ನಿಲ್ಲಿಸಿ ನೋಡಿ. ಆಪರೇಷನ್ ಮಾಡೋ ದೊಡ್ಡ ಡಾಕ್ಟ್ರಮ್ಮನ್ನ ಕರೀರಿ, ನಾನು ತೆಗೆದ ತಲೆ ನೋಡಿ ಹೇಳಲಿ. ಕೈ ತಪ್ಪಿದ ದಿನ ನೀವು ಕೇಳೋ ಮೊದಲೇ ಬೀಗದ ಕೈ ತಂದು ನಿಮ್ಮ ಮೇಜಿನ ಮೇಲೆ ಇಡ್ತೀನಿ. ಪೆನ್ಸಿಲು ತಪ್ಪಿತು ಅಂತ ಇಡಲ್ಲ."

"ಇದು ಹಟ, ಮಾವ."

"ಹಟಾನೇ. ನೆಟ್ಟಗೆ ಕೂತ್ಕೊಳಿ, ಕತ್ತು ಬಾಗಿಸಬೇಡಿ."

ಅವನು ಸಾಹೇಬರ ಕೂದಲನ್ನು ಪೂರ್ತಿ ಕತ್ತರಿಸಿಯೇ ಕಳಿಸಿದ. ಹಿಂದೆಂದಿಗಿಂತ ಚೆನ್ನಾಗಿ ಕತ್ತರಿಸಿದ್ದ ಅಂತ ಲಿಫ್ಟಿನವನು ಈಗಲೂ ಹೇಳುತ್ತಾನೆ. ಸಾಹೇಬರು ಬಟ್ಟೆ ಕೊಡವಿಕೊಂಡು ಎದ್ದರು, ಕೈ ಚಾಚಿ ಬೀಗದ ಕೈ ಕೇಳಲಿಲ್ಲ, ಉಳಿಸಿಕೊಳ್ಳಿ ಅಂತಲೂ ಅನ್ನಲಿಲ್ಲ.

ಸೋಮವಾರ ಮೂರನೇ ಮಹಡಿಯ ಹುಡುಗಿ ಒಂದು ಕಾಗದ ಬರೆದು ಕೊಟ್ಟಳು. ಒಂಬತ್ತು ಜನರ ಹಾಳೆಗಳ ಮೇಲೂ ತಾನು ಹಾಕಿದ್ದ ಸಹಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ, ಓದು ಬರಹ ಕಡಿಮೆ ಇರುವವರಿಗೆ ಈ ಪರೀಕ್ಷೆಯಿಂದ ತೀರ್ಮಾನ ಮಾಡಿದ್ದು ತನ್ನ ತಪ್ಪು ಅಂತ. ಸಹಿ ಇಲ್ಲದ ಹಾಳೆಗೆ ಬೆಲೆ ಇಲ್ಲ. ದೊಡ್ಡ ಡಾಕ್ಟ್ರಮ್ಮ ಕೆಳಗೆ ಬಂದು ಮಾವನ ಹಿಂದೆ ಒಂದು ಬೆಳಗ್ಗೆ ಪೂರ್ತಿ ನಿಂತು ನೋಡಿ, ಅವನ ಕೈ ನೆಟ್ಟಗಿದೆ ಅಂತ ಎರಡೇ ಸಾಲು ಬರೆದು ಹೋದರು. ಬಟ್ಟೆ ಒಗೆಯುವ ಕಡೆ ಯಾರೂ ಹೋಗಿ ನಿಲ್ಲಲಿಲ್ಲ, ಆದರೆ ಆ ಅಮ್ಮನನ್ನು ಬಿಡಿಸಲೂ ಇಲ್ಲ. ಅರವತ್ತರ ಕಾಗದ ಬಾಗಿಲ ಮೇಲೆ ಹಳದಿಯಾಗುತ್ತ ಉಳಿಯಿತು. ಹರಿದು ಹಾಕು ಅಂತ ಅಕ್ಕ ಹೇಳಿದಳು. ಮಾವ ಹರಿಯಲಿಲ್ಲ, ಅಂಟಿಸಿದವರೇ ಬಂದು ಕೀಳಲಿ ಅಂತ ಬಿಟ್ಟ.

ಗುತ್ತಿಗೆಯ ಹೊಸಬ ಸೋಮವಾರದಿಂದ ಓಣಿಯ ಬೆಂಚಿನ ಮೇಲೆ ಎರಡು ದಿನ ಚೀಲ ತಬ್ಬಿಕೊಂಡು ಕೂತು, ಮೂರನೇ ದಿನ ಬುಧವಾರ, ಮಾವ ಕೊಟ್ಟ ಟೀ ಕುಡಿದು ಹೋದ.

ಹುಡುಗಿಯ ವರ್ಷ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವ ಮಾತಿತ್ತು. ಆ ಕಾಗದ ಕೊಟ್ಟ ಮೇಲೆ ಮಾತು ನಿಂತುಹೋಯಿತು. ಹೊರಡುವ ದಿನ ಪುಸ್ತಕದ ಪೆಟ್ಟಿಗೆ ಹೊತ್ತು ಓಣಿಯಲ್ಲಿ ಬಂದಳು. ಕೆಲಸದ ಹೊತ್ತಿನಲ್ಲಿ ಎಂದೂ ಬೀಗ ಹಾಕದ ಮಾವ ಅವತ್ತು ಕೋಣೆಗೆ ಬೀಗ ಹಾಕಿ, ಪೆಟ್ಟಿಗೆ ತಾನು ಹೊತ್ತು ಗೇಟಿನವರೆಗೆ ನಡೆದ.

"ನನ್ನಿಂದ ನಿಮ್ಮ ಕೆಲಸ ಹೋಯ್ತು ತಾಯಿ."

"ನಿಮ್ಮಿಂದ ಅಲ್ಲ ಮಾವ. ನಾನು ಬರೆದದ್ದನ್ನ ನಾನೇ ಓದಿದೆ, ಅದರಿಂದ." ಅವಳು ನಕ್ಕಳು. ಅವತ್ತು ಅವಳ ಮುಖ ಮೆತ್ತಗಿರಲಿಲ್ಲ. "ಆ ಐದು ಪದ ನೆನಪಿದೆಯಾ ಈಗ?"

"ಹಗ್ಗ, ಸೇತುವೆ, ಕಿಟಕಿ. ಮೂರೇ. ಉಳಿದೆರಡು ನೀವೇ ಇಟ್ಕೊಳಿ, ನನಗೆ ಬೇಕಾಗಿಲ್ಲ."

ಬಸ್ಸು ಬಂತು. ಮಾವ ಪೆಟ್ಟಿಗೆ ಮೇಲೇರಿಸಿ ಕೊಟ್ಟ. ಅದು ತಿರುವು ದಾಟುವವರೆಗೆ ನಿಂತು, ಜೇಬಿನಲ್ಲಿ ಬೀಗದ ಕೈ ಹಿಡಿದುಕೊಂಡೇ ಒಳಗೆ ನಡೆದ. ಕುರ್ಚಿಗೆ ಇನ್ನೂ ಇಬ್ಬರು ಬರುವವರಿದ್ದರು. ಕೊನೆಗೆ ಆ ಆಸ್ಪತ್ರೆಯ ಕೆಲಸದಿಂದ ಹೋದದ್ದು ಅವಳೊಬ್ಬಳೇ, ತಿಂಗಳ ಕೊನೆಯ ಶುಕ್ರವಾರ.